ಪಾದರಸ ನಿಂತ ದಿನಗಳು

ಇಪ್ಪತ್ತೆರಡು ವರ್ಷ ನಮ್ಮೂರಿನ ಪಾದರಸ ನೋಡುವ ಕೆಲಸ ನನ್ನದಾಗಿತ್ತು. ಕೆರೆಯ ದಂಡೆಯ ಮೇಲೆ ಒಂದು ಕಲ್ಲುಕಂಬ, ಅದಕ್ಕೆ ಬಿಗಿದ ಮೊಳದುದ್ದದ ಗಾಜಿನ ನಳಿಗೆ, ಮೇಲೊಂದು ತಗಡಿನ ಮಾಡು. ದಿನಕ್ಕೆ ಮೂರು ಸಲ ಹೋಗಿ ನೋಡಿ, ಪಾದರಸ ಎಲ್ಲಿದೆ ಎಂದು ಪೇಟೆಯ ಕಟ್ಟೆಯ ಮೇಲೆ ನಿಂತು ಕೂಗಿ ಹೇಳಬೇಕು. ವರ್ಷದ ಉಳಿದ ದಿನಗಳಲ್ಲಿ ಈ ಕೂಗನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಚಳಿಗಾಲ ಮುಗಿದು ಕೆರೆಯ ಮಂಜುಗಡ್ಡೆ ಕರಗತೊಡಗಿದಾಗ ಮಾತ್ರ ಇಡೀ ಊರು ನನ್ನ ಬಾಯಿಯನ್ನೇ ನೋಡುತ್ತಿತ್ತು.

ಆ ದಿನಗಳಿಗೆ ನಾವು ನಿಂತ ದಿನಗಳು ಅನ್ನುತ್ತೇವೆ. ಕೆರೆಯಲ್ಲಿ ಮೊದಲ ಬಿರುಕು ಬಿಟ್ಟ ಬೆಳಿಗ್ಗೆ ಪಾದರಸ ಕೆಂಪು ಗೆರೆಗೆ ಬಂದು ನಿಲ್ಲುತ್ತದೆ. ಆಮೇಲೆ ಬಿಸಿಲು ಎಷ್ಟೇ ಬೀಳಲಿ, ಒಲೆ ಎಷ್ಟೇ ಉರಿಯಲಿ, ಕೊನೆಯ ಗಡ್ಡೆ ಕರಗುವವರೆಗೆ ಅದು ಕೂದಲೆಳೆಯಷ್ಟೂ ಏರುವುದಿಲ್ಲ. ಬೆಂಕಿ ಬೆಳಕು ಕೊಡುತ್ತದೆ, ಹೊಗೆ ಕೊಡುತ್ತದೆ. ಕೈ ಒಡ್ಡಿದರೆ ಏನೂ ಇಲ್ಲ. ಅದರ ಬಿಸಿಯೆಲ್ಲ ಕೆರೆಗೆ ಹೋಗಿರುತ್ತದೆ. ಅಕ್ಕಿ ಬೇಯುವುದಿಲ್ಲ, ಹಾಲು ಕಾಯುವುದಿಲ್ಲ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಒಣರೊಟ್ಟಿ ತಿಂದು, ಮೈಗೆ ಮೈ ಹಚ್ಚಿ ಕೂತು ಜನ ದಿನ ನೂಕುತ್ತಾರೆ. ಮೈಯ ಬಿಸಿಯೊಂದನ್ನು ಮಾತ್ರ ಕೆರೆ ಮುಟ್ಟುವುದಿಲ್ಲ. ಕಾರ್ತಿಕದಲ್ಲಿ ಇದೇ ಕೆರೆ ಹೆಪ್ಪುಗಟ್ಟುವಾಗ ಒಲೆಯೇ ಬೇಡದಷ್ಟು ಊರು ಬೆಚ್ಚಗಿರುತ್ತದೆ, ಹಾಗಾಗಿ ಯಾರೂ ಕೆರೆಯನ್ನು ಬೈಯುವುದಿಲ್ಲ. ಹನ್ನೊಂದು ದಿನ, ಹನ್ನೆರಡು ದಿನ. ಹದಿಮೂರು ದಾಟಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಊರಿನಲ್ಲಿ ಇದಕ್ಕೊಂದೇ ಕಟ್ಟಳೆ. ಗಡಿಕಲ್ಲುಗಳ ಒಳಗೆ ಯಾರೂ ಮಂಜುಗಡ್ಡೆ ಮುಚ್ಚಿಡಬಾರದು. ಯಾವ ಮನೆಯಲ್ಲಿ ಒಂದು ತುಂಡು ಉಳಿದರೂ ಊರಿನ ಅಷ್ಟೂ ಒಲೆಗಳ ಬಿಸಿ ಅದಕ್ಕೇ ಹೋಗುತ್ತದೆ, ಪಾದರಸ ಏಳುವುದಿಲ್ಲ. ಗಡಿಕಲ್ಲಿನ ಆಚೆಯ ಮಾತು ಬೇರೆ. ಅಲ್ಲಿ ಕಣಿವೆಯ ದಾರಿಯ ತುಂಬ ಹಿಮ ಬಿದ್ದು ಇನ್ನೂ ಒಂದು ತಿಂಗಳು ಹಾಗೇ ಇರುತ್ತದೆ. ಅದಕ್ಕೂ ನಮಗೂ ಸಂಬಂಧವಿಲ್ಲ, ಅದು ಕರಗುವವರೆಗೆ ಹೊರಗಿನವರು ಬರುವುದಿಲ್ಲ, ಒಳಗಿನವರು ಹೋಗುವುದಿಲ್ಲ ಎಂಬುದನ್ನು ಬಿಟ್ಟರೆ.

ಆ ವರ್ಷ ನಿಂತ ದಿನಗಳ ಆರನೆಯ ದಿನ ತುಂಗಾ ಹೆತ್ತಳು. ತುಂಗಾ ನನ್ನ ತಂಗಿಯ ಮಗಳು. ತಂಗಿ ಸತ್ತ ಮೇಲೆ ಅವಳನ್ನು ಬೆಳೆಸಿದ್ದು ನಾನು. ಮದುವೆಯಾದ ಮೇಲೂ ಅವಳೂ ಅವಳ ಗಂಡ ವಿರೂಪಣ್ಣನೂ ನನ್ನ ಮನೆಯಲ್ಲೇ ಇದ್ದರು. ವಿರೂಪಣ್ಣ ಹೇಸರಗತ್ತೆಗಳನ್ನು ಹೊಡೆದುಕೊಂಡು ಕಣಿವೆಯಾಚೆ ಹೋದವನು ದಾರಿ ತೆರೆಯುವವರೆಗೆ ಬರುವಂತಿರಲಿಲ್ಲ. ತುಂಗಾಳಿಗೆ ಇನ್ನೂ ಒಂದೂವರೆ ತಿಂಗಳು ಬಾಕಿಯಿತ್ತು. ಬೆಳಿಗ್ಗೆ ನೀರಿಗೆಂದು ಕೆರೆಗೆ ಹೋದವಳು ದವಾಖಾನೆಯ ಕಂಪೌಂಡರ್ ಕೊಟ್ರಯ್ಯನ ಹೆಗಲಿಗೆ ಜೋತುಬಿದ್ದು ಬಂದಳು. ಅವಳ ಮೀನಖಂಡಕ್ಕೆ ಬಟ್ಟೆ ಸುತ್ತಿತ್ತು.

"ಗಡ್ಡಿ ಮ್ಯಾಲ ಜಾರಿ ಬಿದ್ಲು" ಅಂದ ಕೊಟ್ರಯ್ಯ. "ನೋವು ಸುರು ಆಗ್ಯಾವ. ಸೋಮವ್ವನ್ನ ಕರೀರಿ, ಲಗೂನ."

ಸೋಮವ್ವ ನಮ್ಮ ಪಕ್ಕದ ಮನೆಯವಳು, ಊರಿನ ಅರ್ಧ ಮಕ್ಕಳನ್ನು ಎತ್ತಿಕೊಂಡವಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಬಂತು. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಯುವಷ್ಟು ಕೂಸು. ಸೋಮವ್ವ ಅದನ್ನು ಒರೆಸಿ ತನ್ನ ರವಿಕೆಯೊಳಗೇ ಇಟ್ಟುಕೊಂಡು, "ಪಾದರಸ ಏಳೂ ತನಕ ಇದನ್ನ ನೆಲಕ್ಕ ಇಡಬ್ಯಾಡ್ರಿ" ಅಂದಳು. "ನಾ ಒಂದ್ ತಾಸು, ನೀ ಒಂದ್ ತಾಸು, ತುಂಗಿ ಒಂದ್ ತಾಸು. ಆರೇಳು ದಿನದ ಮಾತು. ಏಳತೈತಿ, ಬಿಸಿನೀರು ಬರತೈತಿ, ಕೂಸು ಗಟ್ಟಿ ಆಕ್ಕೈತಿ."

ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನದಿಂದ ತುಂಗಾ ಕೂಸನ್ನು ಯಾರ ಕೈಗೂ ಕೊಡಲಿಲ್ಲ. ಒಳಕೋಣೆ ಸೇರಿ ಚಿಲಕ ಹಾಕಿಕೊಂಡು ಕೂತಳು. ಬಾಗಿಲು ತಟ್ಟಿದರೆ "ಮಲಗೇತಿ, ಆಮ್ಯಾಲ" ಅನ್ನುತ್ತಿದ್ದಳು. ನಾನು ಹುರಿಹಿಟ್ಟಿನ ಬಟ್ಟಲು ಹೊಸ್ತಿಲಲ್ಲಿಟ್ಟು ಬರಬೇಕು. ಬಾಣಂತಿಯ ಮನಸ್ಸು ಹಾಗೆಲ್ಲ ಆಗುತ್ತದೆ ಎಂದು ಸೋಮವ್ವ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ನನಗೆ ತೆರೆಯದ ಆ ಬಾಗಿಲು ಕೊಟ್ರಯ್ಯನಿಗೆ ತೆರೆಯುತ್ತಿತ್ತು. ದಿನಾ ಬೆಳಿಗ್ಗೆ ನಾನು ಕೆರೆಯಿಂದ ಬರುವ ಹೊತ್ತಿಗೆ ಅವನು ಒಳಗಿರುತ್ತಿದ್ದ. ಕಾಲು ತಾಸು, ಒಮ್ಮೊಮ್ಮೆ ಅರ್ಧ ತಾಸು. ಹೊರಬರುವಾಗ ಚೀಲವನ್ನು ಎದೆಗೆ ಅವುಚಿಕೊಂಡಿರುತ್ತಿದ್ದ, ನನ್ನ ಕಣ್ಣು ತಪ್ಪಿಸುತ್ತಿದ್ದ. "ಬಾಣಂತಿ ಶಕ್ತಿ ಮದ್ದು" ಅನ್ನುತ್ತಿದ್ದ. ಕೂಸು ಹುಟ್ಟಿದ ಮರುದಿನ ಸಂಜೆ ಅವನು ನಾಲ್ಕು ಚೀಲ ಇದ್ದಿಲು ಹೊತ್ತು ತಂದು ಬಚ್ಚಲಿನ ಕಡೆ ಇಳಿಸಿದ್ದ. ನಿಂತ ದಿನಗಳಲ್ಲಿ ಇದ್ದಿಲು ಯಾರಿಗೆ ಬೇಕು? ಆಗ ಅದು ಹೊಳೆಯಲಿಲ್ಲ. ಒಂದೆರಡು ದಿನ ಬಿಟ್ಟು ಹೊಳೆದಾಗ, ಹೊಳೆದದ್ದು ಬೇರೆಯೇ. ಗಂಡ ಊರಿನಲ್ಲಿಲ್ಲ, ಇವನಿಗೆ ಹೆಂಡತಿ ಇಲ್ಲ, ಇಷ್ಟು ಪ್ರೀತಿ ಯಾಕೆ ಎಂದು. ಕೂಸಿನ ಮೂಗು ಯಾರಂತಿದೆ ಎಂದು ಸೋಮವ್ವನನ್ನು ಕೇಳಿಯೂ ಬಿಟ್ಟೆ. ಅವಳು ನನ್ನ ಮುಖ ನೋಡಿ, "ಹಂಪವ್ವಾ, ಬಾಯಿ ಮುಚಗೊಂಡಿರು" ಅಂದಳು.

ಹನ್ನೆರಡನೆಯ ದಿನ ಕೆರೆ ತಿಳಿಯಾಯಿತು. ಈ ದಂಡೆಯಿಂದ ಆ ದಂಡೆಯವರೆಗೆ ಒಂದು ಚೂರು ಗಡ್ಡೆ ಇಲ್ಲ. ಮಕ್ಕಳು ಕಟ್ಟೆಯ ಸುತ್ತ ಕುಣಿದವು, ಹೆಂಗಸರು ಅಕ್ಕಿ ತೊಳೆದಿಟ್ಟರು. ನಾನು ನಳಿಗೆಯ ಮುಂದೆ ಕೂತೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಪಾದರಸ ಕೆಂಪು ಗೆರೆಯನ್ನು ಕಚ್ಚಿಕೊಂಡು ಕೂತಿತ್ತು. ಹದಿಮೂರನೆಯ ದಿನವೂ ಅಷ್ಟೇ. ನಾನು ಕಟ್ಟೆಯ ಮೇಲೆ ನಿಂತು "ಗೆರೀ ಮ್ಯಾಲ ಐತಿ" ಎಂದು ಕೂಗಿದೆ. ಊರ ಹಿರಿಯ ಗುರುಪಾದಪ್ಪ ಬೆತ್ತ ಊರಿಕೊಂಡು ಹತ್ತಿರ ಬಂದ.

"ಸರಿ ನೋಡೀಯೇನ?"

"ನೋಡೇನ್ರಿ."

"ಕಣ್ಣು ಮಂಜಾಗ್ಯಾವೇನ ನಿಂದು?"

ನನ್ನನ್ನು ನಂಬದೆ ತಾನೇ ಹೋಗಿ ನೋಡಿದ. ಬೆರಳಿನಿಂದ ಗಾಜು ತಟ್ಟಿದ. ತಿರುಗಿ ಬಂದು ಕಟ್ಟೆಯ ಮೇಲೆ ನಿಂತು, ಕೂಗದೆ, ಸಣ್ಣ ದನಿಯಲ್ಲಿ ಹೇಳಿದ: "ಯಾರೋ ಇಟಗೊಂಡಾರ."

ಆ ಒಂದು ಮಾತು ಬಿದ್ದ ಮೇಲೆ ನಮ್ಮೂರು ನಮ್ಮೂರಾಗಿ ಉಳಿಯಲಿಲ್ಲ. ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ನಡೆದರು. ಯಾರ ಸೆರಗು ಒದ್ದೆಯಾಗಿದೆ, ಯಾರ ಬೆರಳು ಕೆಂಪಗಿದೆ, ಯಾರು ಹೆಚ್ಚು ಗೋಣಿಚೀಲ ಹಾಸಿದ್ದಾರೆ ಎಂದು ನೋಡಿದರು. ಕಷ್ಟ ಸುಖ ಕೇಳುವ ನೆಪದಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಮೂಲೆಗಳ ಕಡೆ ಕಣ್ಣು ಹಾಯಿಸಿದರು. ಅಣ್ಣತಮ್ಮಂದಿರು ನಡುಗೋಡೆಗೆ ಕಿವಿಯಿಟ್ಟರು. ನಕ್ಕವರ ಮೇಲೆ ಅನುಮಾನ, ಸುಮ್ಮನಿದ್ದವರ ಮೇಲೆ ಇನ್ನೂ ಹೆಚ್ಚು. ಇಡೀ ಊರು ಗೆರೆಯ ಮೇಲೇ ಇದ್ದಾಗ ಎಲ್ಲಿ ಕೈಯಿಟ್ಟರೂ ಒಂದೇ ತಣುಪು. ಮುಟ್ಟಿ ಪತ್ತೆ ಹಚ್ಚಲು ಬರುತ್ತಿರಲಿಲ್ಲ.

ನಾನೂ ಅನುಮಾನಪಟ್ಟೆ. ಎಲ್ಲರಿಗಿಂತ ಹೆಚ್ಚೇ ಪಟ್ಟೆ, ಯಾಕೆಂದರೆ ನನ್ನ ಮನೆಯಲ್ಲಿ ಅಂಗೈಯಷ್ಟು ಕೂಸಿತ್ತು. ಹದಿನಾಲ್ಕನೆಯ ದಿನ ಕಟ್ಟೆಯ ಹತ್ತಿರ ಹತ್ತಾರು ಜನ ಸೇರಿದ್ದಾಗ ನಾನು ಒಂದೇ ಮಾತು ಆಡಿದೆ. "ಗಡ್ಡಿ ಇಡಬೇಕಂದ್ರ ಹೊಟ್ಟು ಬೇಕು. ಹೊಟ್ಟು ಯಾರ ಮನಿಯಾಗ ಐತಿ ನೋಡ್ರಿ." ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಊರಿನಲ್ಲಿ ಆಳೆತ್ತರ ಹೊಟ್ಟು ಇರುವುದು ಒಬ್ಬನೇ ಒಬ್ಬನ ಹಿತ್ತಲಿನಲ್ಲಿ, ಮಡಕೆ ಮಾಡುವ ನಿಂಬಣ್ಣನ ಹಿತ್ತಲಿನಲ್ಲಿ.

ಇಪ್ಪತ್ತು ಜನ ಹೋದರು. ನಾನೂ ಹಿಂದೆ ಹೋದೆ. ನಿಂಬಣ್ಣ ಒಂಟಿ ಮನುಷ್ಯ, ಐವತ್ತರ ಆಚೆಯವನು, ಮಾತು ಕಡಿಮೆ. ಚಳಿಗಾಲವೆಲ್ಲ ತಟ್ಟಿ ಒಣಗಿಸಿದ ಹಸಿ ಮಡಕೆಗಳನ್ನು ಪಾದರಸ ಎದ್ದ ದಿನ ಸುಡಬೇಕೆಂದು ಸಾಲಾಗಿ ಜೋಡಿಸಿಟ್ಟಿದ್ದ. ಅವರು ಹೊಟ್ಟಿನ ರಾಶಿಯನ್ನು ಸಲಿಕೆಯಿಂದ ಎಳೆದು ಹರಡಿದರು, ನೆಲ ಅಗೆದರು, ಮಡಕೆ ಸುಡುವ ಆವಿಗೆಯ ಗೋಡೆ ಕೆಡವಿದರು. ಒಬ್ಬ ಹಿಂದೆ ಸರಿಯುವಾಗ ಒಂದು ಮಡಕೆ ಒಡೆಯಿತು. ಆಮೇಲೆ ಉಳಿದವನ್ನು ಯಾರೂ ತಪ್ಪಿಸಿ ನಡೆಯಲಿಲ್ಲ. ಹಸಿ ಮಡಕೆ ಒಡೆದರೆ ಸದ್ದೂ ಬರುವುದಿಲ್ಲ, ಮಣ್ಣು ಕುಸಿದ ಹಾಗೆ ಕೂತುಬಿಡುತ್ತದೆ. ಏನೂ ಸಿಗಲಿಲ್ಲ. ಜನ ಕೈಯ ಧೂಳು ಝಾಡಿಸಿಕೊಂಡು ಹೋದರು. ನಿಂಬಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ನೀ ಹೇಳಿದೆಂತ" ಅಂದ ನನಗೆ.

"ನಾ ಹೆಸರ ಹೇಳಿಲ್ಲ" ಅಂದೆ.

ಅವನು ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಹದಿನೈದನೆಯ ದಿನ ಕೂಸು ಅಳುವುದನ್ನು ನಿಲ್ಲಿಸಿತು. ಬಾಗಿಲಿಗೆ ಕಿವಿಯಿಟ್ಟು ಕೇಳಿದರೆ ತುಂಗಾಳ ಸಣ್ಣ ಜೋಗುಳ ಮಾತ್ರ. ಸೋಮವ್ವ ಒದರಾಡಿ ಬಾಗಿಲು ತೆರೆಸಿ, ಕೂಸಿನ ಪಾದ ಮುಟ್ಟಿ ನೋಡಿ ಹೊರಗೆ ಬಂದಳು. "ಹಾಲು ಕುಡಿಯೂ ಶಕ್ತಿ ಇಲ್ಲ ಅದಕ್ಕ. ಇನ್ನ ಎರಡು ದಿನ, ಬಾಳಂದ್ರ ಮೂರು. ಅಷ್ಟರಾಗ ಪಾದರಸ ಏಳಬೇಕು" ಅಂದಳು.

ನಾನು ಅಲ್ಲಿಂದಲೇ ಗುರುಪಾದಪ್ಪನ ಮನೆಗೆ ಹೋದೆ. ದಾರಿಯಲ್ಲಿ ಒಂದು ವಿಚಾರ ಬಂದಿತ್ತು. ಮುಚ್ಚಿಟ್ಟ ಗಡ್ಡೆ ಊರಿನ ಬಿಸಿಯೆಲ್ಲ ಕುಡಿಯುತ್ತಿದೆ. ಕುಡಿದದ್ದೆಲ್ಲ ಕಾಣದ ಹಾಗೆ ಒಳಗೇ ಅಡಗುತ್ತದೆ, ನಿಜ. ಆದರೆ ಗಡ್ಡೆ ನೀರಾಗಲೇಬೇಕು. ಆ ನೀರು ಎಲ್ಲೋ ಹರಿಯಲೇಬೇಕು.

"ಎಲ್ಲಾರೂ ಒಮ್ಮೆಲೇ ಒಲಿ ಹಚ್ಚಲಿ" ಅಂದೆ. "ಇದ್ದಬದ್ದ ಕಟ್ಟಿಗಿ ಎಲ್ಲಾ. ಗಡ್ಡಿ ಜೋರ್ ಕರಗತೈತಿ. ನಿಂತ ದಿನದಾಗ ಯಾರೂ ಜಳಕಾ ಮಾಡೂದಿಲ್ಲ, ಎಲ್ಲಾ ಬಚ್ಚಲಾ ಒಣಗ್ಯಾವ. ಯಾರ ಬಚ್ಚಲ ಮೋರಿಯಾಗ ನೀರು ಬರತೈತಿ, ಅವರ ಇಟಗೊಂಡಾರ."

ಗುರುಪಾದಪ್ಪ ಬೆತ್ತ ತೆಗೆದುಕೊಂಡು ಎದ್ದ. "ಶಾಣ್ಯಾಕಿ ಅದಿ" ಅಂದ. ಅವತ್ತು ಅದು ಹೊಗಳಿಕೆ ಅನಿಸಿತ್ತು.

ಹದಿನಾರನೆಯ ದಿನ ಬೆಳಿಗ್ಗೆ ಇಡೀ ಊರು ಹೊತ್ತಿಕೊಂಡಿತು. ಒಲೆಗಳಲ್ಲಿ, ಅಂಗಳಗಳಲ್ಲಿ, ಬೀದಿಯ ಕೂಡುಗಳಲ್ಲಿ ಬೆಂಕಿ. ಮುರಿದ ಮಂಚ, ಹಳೇ ನೇಗಿಲು, ಬಾಗಿಲಿಲ್ಲದ ಚೌಕಟ್ಟು, ಎಲ್ಲ ತಂದು ಹಾಕಿದರು. ಆಳೆತ್ತರದ ಉರಿಯ ಪಕ್ಕ ಜನ ಕಂಬಳಿ ಹೊದ್ದು ನಡುಗುತ್ತ ನಿಂತಿದ್ದರು. ಒಂದೊಂದು ಓಣಿಗೆ ಇಬ್ಬಿಬ್ಬರು ಹೋದರು. ನಮ್ಮ ಓಣಿಗೆ ನಾನು ಮತ್ತು ಗುರುಪಾದಪ್ಪ. ಅವನು ಮುಂದಿನ ಬಾಗಿಲುಗಳನ್ನು ನೋಡುವುದು, ನಾನು ಹಿಂದಿನ ಮೋರಿಗಳನ್ನು. ಒಂದೊಂದಾಗಿ ನೋಡಿದೆ. ಒಣ ಮಣ್ಣು, ಒಣ ಎಲೆ, ಒಂದರಲ್ಲಿ ಮಲಗಿದ ಬೆಕ್ಕು. ಸೋಮವ್ವನ ಮೋರಿಯನ್ನೂ ಬಗ್ಗಿ ನೋಡಿದೆ, ನಾಚಿಕೆಯಾಗಲಿಲ್ಲ.

"ಇನ್ನ ನಿನ್ನ ಮನಿ ಒಂದ" ಅಂದ ಗುರುಪಾದಪ್ಪ. "ಅದನ್ನೇನ ನೋಡೂದು. ನಾ ಕಟ್ಟಿ ಕಡೆ ಹೋಗ್ತೀನಿ, ಉಳದವರು ಏನಂತಾರ ಕೇಳೂಣು."

ಕೂಸನ್ನು ನೋಡಿ ಹೋಗೋಣವೆಂದು ನಾನು ಹಿತ್ತಲಿನಿಂದಲೇ ಒಳಗೆ ಹೊರಟೆ. ಮೋರಿಯ ಹತ್ತಿರ ಕಾಲಿಗೆ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ನನ್ನ ಬಚ್ಚಲಿನ ನೀರು ಬೆರಳ ದಪ್ಪ ಹರಿಯುತ್ತಿತ್ತು, ತಿಳಿಯಾಗಿ, ಸದ್ದಿಲ್ಲದೆ, ಓಣಿಯ ಕಡೆಗೆ. ನಾನು ಮೊದಲು ಮಾಡಿದ್ದು ನನಗೇ ಆಶ್ಚರ್ಯ. ಕಂಬಳಿ ತೆಗೆದು ಉಂಡೆ ಮಾಡಿ ಮೋರಿಯ ಬಾಯಿಗೆ ತುರುಕಿದೆ. ಆಮೇಲೆ ಒಳಗೆ ಹೋದೆ.

ಬಾಣಂತಿಯ ಒಳಕೋಣೆಗೆ ಹೊಂದಿಕೊಂಡ ಬಚ್ಚಲಿನಲ್ಲಿ ಹಂಡೆಯ ಹಿಂದೆ ಬೂದಿಗುಂಡಿ ಇದೆ, ಅದರ ಮೇಲಿನ ಚಪ್ಪಡಿಯನ್ನು ಸರಿಸಿದ್ದರು. ಕೊಟ್ರಯ್ಯ ಮೊಣಕಾಲೂರಿ ಕೂತಿದ್ದ. ಗುಂಡಿಯೊಳಗೆ ಗೋಣಿ, ಇದ್ದಿಲ ಪುಡಿ, ನಡುವೆ ಕೊಡದಷ್ಟು ದೊಡ್ಡ ಗಡ್ಡೆ, ನೋಡನೋಡುತ್ತಿದ್ದಂತೆ ಸವೆಯುತ್ತಿತ್ತು. ಅದರ ಮೇಲೆ ಹುಲ್ಲಿನಲ್ಲಿ ಸುತ್ತಿದ ಐದು ಸಣ್ಣ ಬುಡ್ಡಿಗಳು. ತುಂಗಾ ಗೋಡೆಗೆ ಒರಗಿದ್ದಳು, ಸೆರಗಿನೊಳಗೆ ಕೂಸು, ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಕಲೆಗಳು.

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ನಿನ್ನ ಕೂಸು ಸಾಯಾಕತ್ತೈತಿ."

"ಗೊತ್ತೈತಿ" ಅಂದಳು ತುಂಗಾ.

ಕೊಟ್ರಯ್ಯ ಹೇಳಿದ. ಕೆರೆಯ ದಂಡೆಯಲ್ಲಿ ಅವಳು ಜಾರಿ ಬಿದ್ದಿರಲಿಲ್ಲ. ನಾಯಿ ಕೆಡವಿತ್ತು, ಮೀನಖಂಡ ಕಚ್ಚಿತ್ತು. ಆ ನಾಯಿ ಮರುದಿನ ಅವನ ದವಾಖಾನೆಯ ಹಿಂದೆ ಬಾಯಲ್ಲಿ ನೊರೆ ಕಟ್ಟಿ ಸತ್ತು ಬಿದ್ದಿತ್ತು. ಅವನೇ ಯಾರಿಗೂ ಕಾಣದಂತೆ ಹೂಳಿದ್ದ. ಹುಚ್ಚುನಾಯಿಯ ಮದ್ದು ದವಾಖಾನೆಯಲ್ಲಿ ಒಬ್ಬರಿಗಾಗುವಷ್ಟು ಇತ್ತು. ದಿನಕ್ಕೊಂದರಂತೆ ಹೊಟ್ಟೆಗೆ ಹದಿನಾಲ್ಕು ಸೂಜಿ. ಬಿಸಿ ತಾಗಿದರೆ ಮದ್ದು ಕೆಡುತ್ತದೆ.

"ಒಂಬತ್ತು ಆಗ್ಯಾವ. ಐದು ಉಳದಾವ" ಅಂದ. "ಹನ್ನೆರಡು ದಿನ ಹ್ಯಾಂಗೂ ಊರು ತಣ್ಣಗಿರ್ತೈತಿ, ಮ್ಯಾಲ ಏಳೆಂಟ ದಿನದ ಮಾತು ಅಂದ್ಕೊಂಡೆ. ಕೂಸು ಹಿಂಗ ಆಗತೈತಂತ ತಿಳೀಲಿಲ್ಲ."

"ದವಾಖಾನಿಯಾಗ ಇಡಬೇಕಿತ್ತಲ್ಲ."

"ಎಲ್ಲಾಕಿಂತ ಮೊದಲು ಅಲ್ಲೇ ಹುಡಕ್ತಾರ. ಬಾಣಂತಿ ಕ್ವಾಣಿಗೆ ಯಾರೂ ಬರಾಂಗಿಲ್ಲ."

"ನನಗ ಹೇಳಬೇಕಿತ್ತಲ್ಲ!"

ತುಂಗಾ ತಲೆಯೆತ್ತಿದಳು. "ನಿನಗ? ಶಂಕ್ರಪ್ಪಗ ಕೀಲಿ ಹಾಕ್ರಿ ಅಂತ ಮೊದಲ ಅಂದಾಕಿ ಯಾರು, ದೊಡ್ಡವ್ವ?"

ಎಂಟು ವರ್ಷದ ಹಿಂದಿನ ಮಾತು. ನೇಕಾರ ಶಂಕ್ರಪ್ಪನಿಗೆ ಹುಚ್ಚುನಾಯಿ ಕಚ್ಚಿತ್ತು, ಆಗ ಮದ್ದಿರಲಿಲ್ಲ. ಅವನು ಕಟ್ಟೆಯ ಹತ್ತಿರ ಮಕ್ಕಳ ನಡುವೆ ಬಂದು ಕೂತಾಗ ಊರು ದಿಗಿಲುಬಿತ್ತು. ಅವನನ್ನು ಸುಂಕದ ಕೋಣೆಗೆ ಹಾಕಿ ಕೀಲಿ ಜಡಿದರು. ಇನ್ನೂ ಏನೂ ಆಗಿರಲಿಲ್ಲ ಅವನಿಗೆ, ಊಟ ಮಾಡುತ್ತಿದ್ದ, ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ. ಕೊನೆಗೆ ಸತ್ತಾಗಲೂ ಒಳಗೆ ಒಬ್ಬನೇ ಇದ್ದ. ಮೊದಲು ಆ ಮಾತು ಆಡಿದ್ದು ನಾನೇ. ಊರಿನ ಒಳ್ಳೆಯದಕ್ಕೆ ಎಂದು ಆಡಿದ್ದೆ.

"ಕೂಸನ್ನ ಕಸಕೋತಿದ್ರಿ" ಅಂದಳು ತುಂಗಾ. "ನೀ ಮೊದಲು. ನಾ ಸತ್ರ ಇದಕ್ಕ ಹಾಲಿಲ್ಲ. ನಾ ಇದ್ರ ಇದಕ್ಕ ಬಿಸಿ ಇಲ್ಲ. ದಿನಾ ಎದೀಗೆ ಹಚಗೊಂಡು ಇನ್ನೊಂದ್ ದಿನ, ಇನ್ನೊಂದ್ ದಿನ ಅಂತ ಕೂತೀನಿ. ನೀ ಹೇಳು, ಯಾವದು ಮಾಡ್ಲಿ?"

ಹೊರಗೆ ಕಟ್ಟೆಯ ಕಡೆಯಿಂದ ಜನರ ಗದ್ದಲ ಕೇಳುತ್ತಿತ್ತು. ಯಾರ ಮೋರಿಯಲ್ಲೂ ನೀರಿಲ್ಲ ಎಂದು ತಿಳಿದಮೇಲೆ ಮನೆಮನೆ ಹೊಕ್ಕು ನೋಡುತ್ತಾರೆ, ಅದರಲ್ಲಿ ಸಂಶಯವಿರಲಿಲ್ಲ. ನಾನು ಬುಡ್ಡಿಗಳನ್ನು ನೋಡಿದೆ.

"ಗಡಿಕಲ್ಲಿನ ಆಚೆ ಹಿಮ ಇಲ್ಲೇನ?" ಅಂದೆ.

ಕೊಟ್ರಯ್ಯ ನನ್ನನ್ನೇ ನೋಡಿದ. "ಐತಿ. ದಿನಾ ಅಲ್ಲಿಗೆ ಹೋಗಿ ಬಂದ್ರ ಯಾಕಂತ ಕೇಳ್ತಾರಲ್ರೀ."

"ದಾರಿ ತೆರದೈತೇನ ನೋಡಾಕ ಹೋಗಿದ್ದೆ ಅನ್ನು. ದವಾಖಾನಿಗೆ ಮದ್ದು ಬರಬೇಕು, ಡಾಕ್ಟರ್ ಬರಬೇಕು. ನೀ ನೋಡದ ಯಾರ ನೋಡ್ತಾರ? ಇವತ್ತಿಂದು ಚುಚ್ಚಿ, ಉಳದದ್ದು ತಗೊಂಡು ಈಗ ನಡಿ. ಹಿತ್ತಲ ಕಡಿಂದ."

ಇಷ್ಟು ಸರಳವಾಗಿತ್ತು. ಅವರಿಬ್ಬರಲ್ಲಿ ಒಬ್ಬರು ನನಗೆ ಹೇಳಿದ್ದರೆ, ನಾನು ಹೇಳಬಹುದಾದಂಥ ಮನುಷ್ಯಳಾಗಿದ್ದರೆ, ನಾಲ್ಕು ದಿನದ ಹಿಂದೆಯೇ ಮುಗಿಯುತ್ತಿತ್ತು. ಕೊಟ್ರಯ್ಯ ಸೂಜಿ ಚುಚ್ಚಿದ. ತುಂಗಾ ತುಟಿ ಕಚ್ಚಿದಳು, ಕೂಗಲಿಲ್ಲ. ಉಳಿದ ನಾಲ್ಕು ಬುಡ್ಡಿಗಳನ್ನು ಒಂದು ಹಿಡಿ ಗಡ್ಡೆಯ ಜೊತೆ ಅಂಗಿಯೊಳಗೆ ಇಟ್ಟುಕೊಂಡು ಅವನು ಹಿತ್ತಲ ಬೇಲಿ ದಾಟಿದ.

ಉಳಿದ ಗಡ್ಡೆ ಹಾಗೇ ಕರಗಲು ಬಿಟ್ಟಿದ್ದರೆ ನನಗೇನೂ ಆಗುತ್ತಿರಲಿಲ್ಲ. ಸಂಜೆಯೊಳಗೆ ಪಾದರಸ ಏಳುತ್ತಿತ್ತು, ನಾನೇ ಕೂಗಿ ಹೇಳುತ್ತಿದ್ದೆ, ಜನ ಮಡಕೆಯವನ ಮೇಲೆ ಅರ್ಧ ಅನುಮಾನ ಉಳಿಸಿಕೊಂಡು ಅನ್ನಕ್ಕೆ ಎಸರಿಡುತ್ತಿದ್ದರು. ಅದನ್ನೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಮೋರಿಗೆ ತುರುಕಿದ ಕಂಬಳಿ ತೊಯ್ದು ನೀರು ಪಕ್ಕದಿಂದ ಹೊರಡುತ್ತಿತ್ತು. ಕೆಡವಿದ ಆವಿಗೆಯ ಮುಂದೆ ನಿಂತ ನಿಂಬಣ್ಣನ ಮುಖ ನೆನಪಾಯಿತು. ನಾನು ಮುಂಬಾಗಿಲಿನಿಂದ ಹೊರಬಿದ್ದು ಕಟ್ಟೆಗೆ ಹೋದೆ.

"ಗಡ್ಡಿ ನನ್ನ ಬಚ್ಚಲದಾಗ ಐತಿ" ಅಂದೆ. "ನಾ ಇಟ್ಟಿದ್ದು."

ಗುರುಪಾದಪ್ಪ ಮೊದಲು ನಂಬಲಿಲ್ಲ. "ಒಲಿ ಹಚ್ಚಾಕ ಹೇಳದಾಕಿ ನೀನ."

"ಹೌದ್ರಿ."

"ಯಾಕ ಇಟ್ಟಿ?"

"ಇಟ್ಟೆ."

"ಯಾಕಂತ ಕೇಳಾಕತ್ತೀನಿ, ಹಂಪವ್ವ!"

"ಹೇಳಾಂಗಿಲ್ರಿ."

ಜನ ನುಗ್ಗಿದರು. ಗಡ್ಡೆಯನ್ನು ಗುಂಡಿಯಿಂದ ಎಳೆದು ತಂದು ಬೀದಿಯಲ್ಲಿ ಒಡೆದರು, ಮಕ್ಕಳು ಚೂರುಗಳ ಮೇಲೆ ಕುಣಿದು ತುಳಿದವು. ಅಷ್ಟು ಬೆಂಕಿಯ ನಡುವೆ ಅದು ಎಷ್ಟು ಹೊತ್ತು ಇದ್ದೀತು? ಕೊನೆಯ ಚೂರು ನೀರಾದ ಗಳಿಗೆ ಎಲ್ಲರಿಗೂ ತಿಳಿಯಿತು. ಆಳೆತ್ತರದ ಉರಿಯ ಪಕ್ಕ ನಿಂತಿದ್ದವರು ಕೂಗುತ್ತ ಹಿಂದಕ್ಕೆ ಹಾರಿದರು. ಬೆಂಕಿ ಒಮ್ಮೆಲೇ ಸುಡತೊಡಗಿತ್ತು. ಕಂಬಳಿಗಳು ಕೆಳಗೆ ಬಿದ್ದವು. ಯಾರೋ ಕೆರೆಯ ಕಡೆಯಿಂದ "ಎದ್ದೈತಿ! ಎದ್ದೈತಿ!" ಎಂದು ಕೂಗಿದರು. ಆ ಕೂಗು ನನ್ನದಲ್ಲ. ಅರ್ಧ ತಾಸಿನಲ್ಲಿ ಸೋಮವ್ವ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಕೂಸನ್ನು ಸುತ್ತಿದಳು, ಒಲೆಯ ಹತ್ತಿರ ತೊಡೆಯ ಮೇಲೆ ಮಲಗಿಸಿ ಪಾದ ತಿಕ್ಕಿದಳು. ಸಂಜೆ ಅದು ಅತ್ತಿತು. ಬೆಕ್ಕಿನ ಮರಿಯ ಹಾಗೆ, ಆದರೆ ಅತ್ತಿತು.

ಪಾದರಸದ ಕೆಲಸ ಅವತ್ತೇ ಹೋಯಿತು. ಒಂದು ವರ್ಷ ನನ್ನ ಒಲೆಯಿಂದ ಯಾರೂ ಕೆಂಡ ಒಯ್ಯಬಾರದು, ನನಗೂ ಕೊಡಬಾರದು ಎಂದು ಗುರುಪಾದಪ್ಪ ಹೇಳಿದ. ಕಾರಣ ನಾನು ಹೇಳದಿದ್ದರಿಂದ ಜನರೇ ಕಾರಣ ಹುಡುಕಿಕೊಂಡರು. ಕೂಸು ಸತ್ತರೆ ತುಂಗಾ ಮನೆ ಬಿಟ್ಟು ಹೋಗುತ್ತಾಳೆ, ಮನೆ ತನಗೇ ಉಳಿಯುತ್ತದೆ ಎಂದು ಮಾಡಿದಳು ಅಂದರು ಕೆಲವರು. ಇನ್ನೂ ನಾಲ್ಕು ದಿನ ಎಲ್ಲರೂ ತನ್ನ ಬಾಯಿ ನೋಡಲಿ ಎಂಬ ಆಸೆ ಅಂದರು ಇನ್ನು ಕೆಲವರು. ಸೋಮವ್ವ ಮಾತು ಬಿಟ್ಟಳು. ಕೂಸನ್ನು ನೋಡಲು ಬರುತ್ತಿದ್ದಳು, ನಾನು ಎದುರಾದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ನಾಲ್ಕು ಬೆಳಿಗ್ಗೆ ಕೊಟ್ರಯ್ಯ ಗಡಿಕಲ್ಲಿಗೆ ಹೋಗಿ ಬಂದ. ಎರಡನೆಯ ಬೆಳಿಗ್ಗೆ ಗುರುಪಾದಪ್ಪ ತಾನೂ ಬರುತ್ತೇನೆಂದು ಜೊತೆಗೇ ಹೊರಟನಂತೆ. ಕಲ್ಲಿನ ಹತ್ತಿರ ನಿಂತು ಕಣಿವೆಯ ಹಿಮವನ್ನೂ ಕೊಟ್ರಯ್ಯನನ್ನೂ ಬಾರಿಬಾರಿಗೆ ನೋಡಿದನಂತೆ. ಕೊಟ್ರಯ್ಯ ಮೂತ್ರಕ್ಕೆಂದು ಬಂಡೆಯ ಹಿಂದೆ ಹೋಗಿ ಬುಡ್ಡಿ ತೆಗೆದುಕೊಂಡು ಬಂದ. ಬಂದು ನಮ್ಮ ಒಳಕೋಣೆಯಲ್ಲಿ ಕೂತಾಗಲೂ ಅವನು ಬಾಗಿಲ ಕಡೆಯೇ ನೋಡುತ್ತಿದ್ದ. ಸೂಜಿಯನ್ನು ತುಂಗಾಳೇ ಹಿಡಿದು ಚುಚ್ಚಿಕೊಂಡಳು. ಗುರುಪಾದಪ್ಪನಿಗೆ ಏನು ತಿಳಿಯಿತೋ, ಏನು ತಿಳಿಯಲಿಲ್ಲವೋ, ಮತ್ತೆ ಅವನು ಹೋಗಲಿಲ್ಲ.

ಹದಿನಾಲ್ಕನೆಯ ಸೂಜಿ ಮುಗಿದ ಮರುದಿನ ನಾನು ನಿಂಬಣ್ಣನ ಹಿತ್ತಲಿಗೆ ಹೋದೆ. ಅವನು ಒಡೆದ ಮಡಕೆಗಳ ಮಣ್ಣನ್ನು ಮತ್ತೆ ನೆನೆಹಾಕಿ ತುಳಿಯುತ್ತಿದ್ದ. ನಾನು ಸೀರೆ ಎತ್ತಿ ಕಟ್ಟಿ ಮಣ್ಣಿಗೆ ಇಳಿದೆ. ಅವನು ಬೇಡ ಅನ್ನಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ತುಳಿದೆವು.

"ನಿಂಬಣ್ಣ, ಅವತ್ತ ನಾನು..."

"ಯಾರ ಸಲುವಾಗಿ ಇಟ್ಟಿದ್ದಿ ಅಂತ ಹೇಳಬ್ಯಾಡ" ಅಂದ ಅವನು. "ನಿನ್ನ ಸಲುವಾಗಿ ಅಲ್ಲ ಅನ್ನೂದು ಕಾಣತೈತಿ. ಹೇಳಿದ್ರ ನಾನೂ ಅದನ್ನ ಕಾಯಬೇಕಾಗತೈತಿ. ನನಗ ಮಡಿಕಿ ಕೆಲಸ ರಗಡ ಐತಿ." ಇನ್ನೆರಡು ಹೆಜ್ಜೆ ತುಳಿದು, "ನಾಳೆ ಬಾ. ಇನ್ನ ಎರಡು ಗುಂಡಿ ಮಣ್ಣು ಐತಿ" ಅಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಮರುದಿನ ಹೋದೆ.

ಕಣಿವೆಯ ದಾರಿ ತೆರೆಯಿತು, ವಿರೂಪಣ್ಣ ಬಂದ. ತುಂಗಾ ಅವನಿಗೆ ಎಲ್ಲ ಹೇಳಿದಳು. ಅವನು ಅವತ್ತಿಡೀ ಹೊರಗಿನ ಕಲ್ಲಿನ ಮೇಲೆ ಕೂತಿದ್ದು, ಸಂಜೆ ಒಳಗೆ ಬಂದು ನನ್ನ ಕಾಲು ಮುಟ್ಟಿದ. ಮೂರು ತಿಂಗಳು ನಾವು ತುಂಗಾಳ ಪ್ರತಿ ಕೆಮ್ಮನ್ನೂ ಎಣಿಸಿದೆವು, ಅವಳು ನೀರು ಕುಡಿಯುವಾಗ ಉಸಿರು ಹಿಡಿದು ನೋಡಿದೆವು. ಏನೂ ಆಗಲಿಲ್ಲ. ಕೂಸು ದುಂಡಗಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಇಬ್ಬರೇ ಕೂತಿದ್ದಾಗ ತುಂಗಾ ಕೇಳಿದಳು.

"ದೊಡ್ಡವ್ವ, ಖರೇ ಹೇಳು. ಅವತ್ತ ಕೆರಿಯಿಂದ ಬಂದಕೂಡ್ಲೆ ನಾ ನಿನಗ ನಾಯಿ ಕಚ್ಚೇತಿ ಅಂತ ಹೇಳಿದ್ರ, ಏನ್ ಮಾಡ್ತಿದ್ದಿ?"

ಒಳ್ಳೆಯ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅವಳ ಕಣ್ಣು ನೋಡಿದ ಮೇಲೆ ಅದನ್ನು ಆಡಲಾಗಲಿಲ್ಲ.

"ಕೀಲಿ ಹಾಕ್ತಿದ್ದೆ" ಅಂದೆ. "ಅಳಕೋತ ಹಾಕ್ತಿದ್ದೆ. ಆದ್ರ ಹಾಕ್ತಿದ್ದೆ."

ತುಂಗಾ ಎದ್ದು, ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಹಿಡಕೋ. ನಾ ಕೆರಿಗೆ ಹೋಗಿ ಅರಿಬಿ ಒಗದು ಬರ್ತೀನಿ, ಹೊತ್ತಾಗತೈತಿ" ಅಂದಳು. ಬುಟ್ಟಿ ಎತ್ತಿಕೊಂಡು ಹೋದಳು, ಹಿಂತಿರುಗಿ ನೋಡಲಿಲ್ಲ. ಕೂಸಿನ ನೆತ್ತಿಯೆಲ್ಲ ಬೆವರಿತ್ತು. ನಾನು ಸೆರಗು ಬೀಸಿ ಗಾಳಿ ಹಾಕುತ್ತ ಕೂತೆ.